ಮನೆಯಂಗಳದ ಸಾವಯವ ಕೈತೋಟ: ಪ್ರಯೋಜನಗಳು ಮತ್ತು ತೊಡಕುಗಳು
(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

ಮನೆಯ ಹಿತ್ತಲು, ಅಂಗಳ ಅಥವಾ ತಾರಸಿಯಲ್ಲಿ ರಾಸಾಯನಿಕ ಗೊಬ್ಬರ ಹಾಗೂ ಕೀಟನಾಶಕಗಳನ್ನು ಬಳಸದೆ ತರಕಾರಿ ಬೆಳೆಯಲು ಇಚ್ಛಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಸಸಿ, ಮಣ್ಣು ಪರೀಕ್ಷೆ ಅಥವಾ ಸಾವಯವ ದೃಢೀಕರಣಕ್ಕಾಗಿ ಅರ್ಜಿ ಸಲ್ಲಿಸುವವರು ಇದನ್ನು ಮೊದಲು ಓದಿಕೊಳ್ಳುವುದು ಸೂಕ್ತ.

ಹಿನ್ನೆಲೆ

ಕೈತೋಟವು ಈ ಭಾಗಕ್ಕೆ ಹೊಸದೇನಲ್ಲ. ಬಚ್ಚಲ ನೀರು ಹರಿಯುವೆಡೆ ಬಾಳೆ, ಬೇಲಿಯ ಮೇಲೆ ಅವರೆ ಮತ್ತು ಹೀರೆ, ಮೂಲೆಯಲ್ಲಿ ನುಗ್ಗೆ ಮತ್ತು ಕರಿಬೇವು, ಅವುಗಳ ಹಿಂದೆ ಒಂದು ತಿಪ್ಪೆ, ಇವು ಹಳ್ಳಿಯ ಹಿತ್ತಲಿನ ಸಾಮಾನ್ಯ ಲಕ್ಷಣಗಳಾಗಿದ್ದವು. ಬಸ್ಸಾರು, ಮಸ್ಸೊಪ್ಪುಗಳಿಗೆ ಬೇಕಾದ ಸೊಪ್ಪು ಅಲ್ಲಿಂದಲೇ ದೊರೆಯುತ್ತಿತ್ತು. ಅದನ್ನು ಸಾವಯವ ಎಂದು ಪ್ರತ್ಯೇಕವಾಗಿ ಕರೆಯುವ ಅಗತ್ಯ ಆಗ ಇರಲಿಲ್ಲ.

1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ ಮೂಲಕ (ಇಂದಿನ ವಿಶ್ವೇಶ್ವರಯ್ಯ ನಾಲೆ) ಈ ತಾಲ್ಲೂಕುಗಳಿಗೆ ಹರಿಯಲಾರಂಭಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಭತ್ತ ಮತ್ತು ಕಬ್ಬು ಪ್ರದೇಶದ ಮುಖ್ಯ ಬೆಳೆಗಳಾದವು. ನಾಲೆಯ ನೀರಿನಿಂದ ಸಮೃದ್ಧಿ ಬಂದುದು ನಿಜ. ಆದರೆ ದಶಕಗಳ ಕಾಲ ನೀರು ನಿಂತ ತಗ್ಗು ಪ್ರದೇಶಗಳಲ್ಲಿ ಭೂಮಿ ಜವುಳಾಗಿದೆ ಅಥವಾ ಚೌಳಾಗಿದೆ. ಅಂತಹ ಜಮೀನುಗಳ ನಡುವೆ ಎದ್ದಿರುವ ಬಡಾವಣೆಗಳ ಅಂಗಳದ ಮಣ್ಣು ಸಹ ಅದೇ ಮಣ್ಣು. ಆದುದರಿಂದ ಈ ಭಾಗದ ಕೈತೋಟದ ತೊಡಕು ಬಹುತೇಕ ಹುಳುವಿನಿಂದ ಆರಂಭವಾಗುವುದಿಲ್ಲ, ಮಣ್ಣು ಮತ್ತು ನೀರಿನಿಂದ ಆರಂಭವಾಗುತ್ತದೆ. ಬೀಜ ಖರೀದಿಸುವ ಮುನ್ನ ಇದನ್ನು ಗಮನಿಸತಕ್ಕದ್ದು.

ಮಣ್ಣು ಮತ್ತು ನೀರು

ಒಣಗಿದಾಗ ಮೇಲ್ಪದರದಲ್ಲಿ ಬಿಳಿ ಉಪ್ಪು ಕಾಣುವ, ಮಳೆ ಬಂದ ನಂತರ ಬಹಳ ಹೊತ್ತು ನೀರು ಇಂಗದೆ ನಿಲ್ಲುವ ಅಂಗಳವಿದ್ದಲ್ಲಿ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಅಂಗಳದ ನಾಲ್ಕೈದು ಕಡೆ ಸುಮಾರು 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೋಗ್ರಾಂನಷ್ಟನ್ನು ಮಾದರಿಯಾಗಿ ನೀಡಬೇಕು. ಗೊಬ್ಬರ ಹಾಕಿದ ಜಾಗ ಮತ್ತು ತಿಪ್ಪೆಯ ಪಕ್ಕದ ಮಣ್ಣನ್ನು ಮಾದರಿಗೆ ತೆಗೆಯಬಾರದು. ರಸಸಾರ 8.5ಕ್ಕಿಂತ ಹೆಚ್ಚಿದ್ದಲ್ಲಿ ಮಣ್ಣು ಕ್ಷಾರವಾಗಿದೆ ಎಂದು ತಿಳಿಯಬೇಕು. ಇದಕ್ಕೆ ಪರೀಕ್ಷಾ ವರದಿಯಲ್ಲಿ ಸೂಚಿಸಿದ ಪ್ರಮಾಣದ ಜಿಪ್ಸಂ ಹಾಗೂ ನೀರು ಬಸಿದುಹೋಗುವ ಕಾಲುವೆ, ಎರಡೂ ಬೇಕು. ಬಸಿಯುವ ವ್ಯವಸ್ಥೆಯಿಲ್ಲದೆ ಜಿಪ್ಸಂ ಹಾಕುವುದು ವ್ಯರ್ಥ ವೆಚ್ಚ. ಜಿಪ್ಸಂ ಖನಿಜವಾದುದರಿಂದ ಸಾವಯವ ಕ್ರಮದಲ್ಲಿ ಅದಕ್ಕೆ ಅವಕಾಶವಿದೆ. ಮೊದಲ ಹಂಗಾಮಿನಲ್ಲಿ ಡಯಾಂಚ ಬಿತ್ತಿ, ಹೂ ಬಿಡುವ ಸಮಯಕ್ಕೆ ಮಣ್ಣಿಗೆ ಸೇರಿಸುವುದು ಉತ್ತಮ. ಈ ಗಿಡ ಚೌಳನ್ನು ಸಹಿಸುತ್ತದೆ.

ಬಚ್ಚಲ ನೀರಿನ ವಿಷಯದಲ್ಲಿ ಹಿರಿಯರ ರೂಢಿಯನ್ನು ಇಂದು ಹಾಗೆಯೇ ಅನುಸರಿಸಲಾಗದು. ಸೀಗೆಪುಡಿ, ಬೂದಿಗಳ ಕಾಲದ ನೀರು ಬೇರೆ, ಬಟ್ಟೆ ತೊಳೆಯುವ ಮಾರ್ಜಕದ ನೀರು ಬೇರೆ. ಮಾರ್ಜಕದಲ್ಲಿರುವ ಸೋಡಿಯಂ ಅಂಶವು ಚೌಳನ್ನು ಹೆಚ್ಚಿಸುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನಿಸ್ಸಂಕೋಚವಾಗಿ ಬಳಸಬಹುದು.

ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 700 ಮಿ.ಮೀ. ಮಳೆಯಾಗುತ್ತದೆ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗ್ರಾಮಗಳಿಗೆ ನೀರು ತಡವಾಗಿ ತಲುಪುವುದು ಎಲ್ಲರಿಗೂ ತಿಳಿದ ಸಂಗತಿ. 2023ರ ಬರಗಾಲದಂತಹ ವರ್ಷದಲ್ಲಿ ಕುಡಿಯುವ ನೀರಿಗೇ ಮೊದಲ ಆದ್ಯತೆಯಾದಾಗ ಕೈತೋಟಕ್ಕೆ ನಲ್ಲಿ ನೀರನ್ನು ನಂಬಲಾಗದು. ತಾರಸಿಯ ಮಳೆನೀರನ್ನು ಸಂಗ್ರಹಿಸುವುದು ಮತ್ತು ಗಿಡದ ಬುಡಕ್ಕೆ ಮುಚ್ಚಿಗೆ ಹಾಕುವುದು ಅವಶ್ಯ. ಮುಚ್ಚಿಗೆಗೆ ಕಬ್ಬಿನ ತರಗು ಈ ಭಾಗದಲ್ಲಿ ಹೇರಳವಾಗಿ ದೊರೆಯುತ್ತದೆ. ಅದನ್ನು ಗದ್ದೆಯಲ್ಲೇ ಸುಡುವುದಕ್ಕಿಂತ ಇದು ಲೇಸು.

ತಾರಸಿ ತೋಟ ಮಾಡುವವರು ಒಂದು ಘನ ಅಡಿ ಹಸಿ ಮಣ್ಣು ಸುಮಾರು 45ರಿಂದ 50 ಕಿ.ಗ್ರಾಂ. ತೂಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಹಳೆಯ ಕಟ್ಟಡಗಳಲ್ಲಿ ಇಂಜಿನಿಯರರ ಸಲಹೆಯಿಲ್ಲದೆ ತಾರಸಿಯ ಮೇಲೆ ಮಡಿ ಕಟ್ಟಬಾರದು. ಹಗುರವಾದ ತೆಂಗಿನ ನಾರಿನ ಪುಡಿಯನ್ನು ಮಣ್ಣಿಗೆ ಬೆರೆಸಿದರೆ ಭಾರ ಕಡಿಮೆಯಾಗುತ್ತದೆ. ಆದರೆ ಅದರಲ್ಲಿಯೂ ಉಪ್ಪಿನಂಶ ಇರುವುದರಿಂದ ಎರಡು ಮೂರು ಬಾರಿ ತೊಳೆದು ಬಳಸಬೇಕು.

ಗೊಬ್ಬರ

ಅಡುಗೆಮನೆಯ ಹಸಿ ಕಸ, ಒಣ ಎಲೆ, ಹೊಂಗೆ ಸೊಪ್ಪು ಮತ್ತು ಸ್ವಲ್ಪ ಸಗಣಿಯಿಂದ ಉತ್ತಮ ಕಾಂಪೋಸ್ಟ್ ತಯಾರಾಗುತ್ತದೆ. ಹಸಿ ಕಸದಷ್ಟೇ ಒಣ ಕಸವನ್ನು ಸೇರಿಸದಿದ್ದಲ್ಲಿ ದುರ್ವಾಸನೆ, ನೊಣ ಮತ್ತು ನೆರೆಯವರ ದೂರು ತಪ್ಪುವುದಿಲ್ಲ. ರೇಷ್ಮೆ ಸಾಕಣೆ ಮನೆಗಳ ಹಿಕ್ಕೆ ಮತ್ತು ಹಿಪ್ಪುನೇರಳೆ ಕಡ್ಡಿ, ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್ ಸಹ ಒಳ್ಳೆಯ ಗೊಬ್ಬರ. ಆದರೆ ಇವುಗಳನ್ನು ಪೂರ್ಣ ಕಳಿತ ನಂತರವೇ ಹಾಕಬೇಕು. ಬಿಸಿಯಾಗಿರುವ ಪ್ರೆಸ್‌ಮಡ್ ಎಳೆಯ ಬೇರನ್ನು ಸುಡುತ್ತದೆ.

ಜೀವಾಮೃತವನ್ನು ಮನೆಯ ಅಳತೆಗೆ ತಯಾರಿಸಲು 20 ಲೀಟರ್ ನೀರು, 1 ಕಿ.ಗ್ರಾಂ. ಹಸುವಿನ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಮಣ್ಣು ಸಾಕು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಬಾರಿ ಕಲಕಿ, ಎರಡು ದಿನಗಳ ನಂತರ ಬಳಸಲಾರಂಭಿಸಿ ಒಂದು ವಾರದೊಳಗೆ ಮುಗಿಸಬೇಕು. ಇದಕ್ಕೆ ಬಣ್ಣ ಬರಲು ರಾಸಾಯನಿಕ ಬೆರೆಸಿದ ಬಿಳಿ ಬೆಲ್ಲಕ್ಕಿಂತ ಆಲೆಮನೆಯ ಕಪ್ಪು ಬೆಲ್ಲವೇ ಸೂಕ್ತ. ಜೀವಾಮೃತದಲ್ಲಿ ಪೋಷಕಾಂಶ ಅಲ್ಪವಾಗಿರುವುದರಿಂದ ಇದು ಕಾಂಪೋಸ್ಟಿಗೆ ಬದಲಿಯಾಗಲಾರದು.

ಕೀಟ ಮತ್ತು ರೋಗ

ಟೊಮ್ಯಾಟೊ ಗಿಡಕ್ಕೆ ಬಿಳಿ ನೊಣದಿಂದ ಹರಡುವ ಎಲೆ ಮುಟುರು ರೋಗ, ಬದನೆಗೆ ಕುಡಿ ಮತ್ತು ಕಾಯಿ ಕೊರಕ, ಹೀರೆ, ಹಾಗಲಗಳಿಗೆ ಹಣ್ಣಿನ ನೊಣ, ಇವು ಸಾಮಾನ್ಯ. ಕೊರಕ ಬಿದ್ದು ಬಾಡಿದ ಕುಡಿಯನ್ನು ಕೂಡಲೇ ಚಿವುಟಿ ನಾಶಪಡಿಸುವುದು, ಹಳದಿ ಅಂಟು ಹಾಳೆ ಕಟ್ಟುವುದು, ಹಣ್ಣಿನ ನೊಣಕ್ಕೆ ಮೋಹಕ ಬಲೆ ಇಡುವುದು ಪರಿಣಾಮಕಾರಿ. 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಬಹುದು. ಇದು ಕೀಟವನ್ನು ಒಂದೇ ದಿನದಲ್ಲಿ ಕೊಲ್ಲುವುದಿಲ್ಲ. ಆ ನಿರೀಕ್ಷೆಯಿಂದಲೇ ಹಲವರು ಎರಡನೆಯ ವಾರದಲ್ಲಿ ಅಂಗಡಿಯ ವಿಷದ ಬಾಟಲಿಗೆ ಮರಳುತ್ತಾರೆ.

ಈ ತಾಲ್ಲೂಕುಗಳಿಗೆ ವಿಶೇಷವಾದ ಎಚ್ಚರಿಕೆಯೊಂದಿದೆ. ಮದ್ದೂರು, ಮಳವಳ್ಳಿ ಭಾಗದಲ್ಲಿ ರೇಷ್ಮೆ ಕೃಷಿ ವ್ಯಾಪಕವಾಗಿದೆ. ಬೇವಿನ ಕಷಾಯವು ಹಿಪ್ಪುನೇರಳೆ ಎಲೆಯ ಮೇಲೆ ಬಿದ್ದಲ್ಲಿ ರೇಷ್ಮೆ ಹುಳುಗಳಿಗೆ ಹಾನಿಯಾಗುತ್ತದೆ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಹುಳುಗಳಿಗೆ ಮಾತ್ರವಲ್ಲ, ಮನುಷ್ಯರಿಗೂ ತೀವ್ರ ವಿಷ. ಸಾವಯವವಾದುದೆಲ್ಲವೂ ನಿರಪಾಯಕಾರಿ ಎಂಬ ಭಾವನೆ ಸರಿಯಲ್ಲ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದಲ್ಲಿ ಸಿಂಪರಣೆಗೆ ಮೊದಲು ಆ ರೈತರಿಗೆ ತಿಳಿಸುವುದು ನೆರೆಹೊರೆಯ ಕರ್ತವ್ಯ. ಇದಕ್ಕೆ ಪ್ರತಿಯಾಗಿ, ಪಕ್ಕದ ಕಬ್ಬಿನ ಗದ್ದೆಗೆ 2,4-ಡಿ ಕಳೆನಾಶಕ ಹೊಡೆದಾಗ ಗಾಳಿಯಲ್ಲಿ ತೇಲಿಬಂದ ಹನಿಗಳಿಂದ ಟೊಮ್ಯಾಟೊ, ಬದನೆ ಎಲೆಗಳು ತಿರುಚಿಕೊಳ್ಳುತ್ತವೆ. ಇದನ್ನು ನಂಜುರೋಗವೆಂದು ತಪ್ಪು ತಿಳಿಯುವ ಸಂಭವವುಂಟು.

ಸಿಂಪರಣೆಯನ್ನು ನಿಲ್ಲಿಸಿದಾಗ ಕೀಟದ ಶತ್ರುಗಳು ಉಳಿಯುತ್ತವೆ ಎಂಬುದಕ್ಕೆ ಪರಂಗಿಯ ಹಿಟ್ಟು ತಿಗಣೆ ಉತ್ತಮ ನಿದರ್ಶನ. ಮಧ್ಯ ಅಮೆರಿಕ ಮೂಲದ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆ ಬೆಳೆಗಳಿಗೆ ಭಾರಿ ನಷ್ಟ ಉಂಟುಮಾಡಿತು. ಕೀಟನಾಶಕಗಳಿಂದ ಹತೋಟಿಗೆ ಬರಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೋ ಪೋರ್ಟೊರಿಕೊದಿಂದ ತರಿಸಿ ಬಿಡುಗಡೆ ಮಾಡಿದ ಅಸಿರೋಫೇಗಸ್ ಪಪಾಯೆ ಎಂಬ ಅತಿ ಚಿಕ್ಕ ಪರತಂತ್ರ ಕಣಜವು ಅದನ್ನು ಹತೋಟಿಗೆ ತಂದಿತು. ಹಿತ್ತಲಿನ ಪರಂಗಿ ಗಿಡದಲ್ಲಿ ಬಿಳಿ ಹಿಟ್ಟಿನಂತಹ ಕೀಟ ಕಂಡ ಕೂಡಲೇ ವಿಷ ಹೊಡೆದಲ್ಲಿ ಈ ಕಣಜವೂ ಸಾಯುತ್ತದೆ.

ಬೀಜ

ಅರ್ಕಾ ರಕ್ಷಕ್‌ನಂತಹ ರೋಗನಿರೋಧಕ ಟೊಮ್ಯಾಟೊ ತಳಿಗಳು (ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಹೊಸಬರಿಗೆ ಅನುಕೂಲ. ಆದರೆ ಇದು ಸಂಕರಣ ತಳಿಯಾದುದರಿಂದ ಹಣ್ಣಿನಿಂದ ತೆಗೆದ ಬೀಜದಲ್ಲಿ ಅದೇ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳಲು ಇಚ್ಛಿಸುವವರು ನಾಟಿ ತಳಿಗಳನ್ನು ಆರಿಸಬೇಕು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನೂ ಹಳೆಯ ಮಾವಿನ ತೋಪನ್ನೂ ಸಂರಕ್ಷಿಸಿದ್ದಾರೆ. ತಳಿ ಉಳಿಸುವ ಕೆಲಸಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಆದಾಯ–ವೆಚ್ಚ

ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಬೇಕು. ನಾಲ್ವರ ಕುಟುಂಬಕ್ಕೆ ಇದು 1.6 ಕಿ.ಗ್ರಾಂ. ಆಗುತ್ತದೆ. 30x40 ಅಡಿ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಜಾಗದಿಂದ ಇಷ್ಟನ್ನು ಪೂರೈಸಲಾಗದು. ಸೊಪ್ಪು, ಕೊತ್ತಂಬರಿ, ಹಸಿಮೆಣಸಿನಕಾಯಿ, ಕರಿಬೇವು, ನುಗ್ಗೆ ಮತ್ತು ಒಂದೆರಡು ಬಳ್ಳಿ ತರಕಾರಿಗಳ ಮಟ್ಟಿಗೆ ಸಂತೆಯ ಖರ್ಚು ಉಳಿಯುತ್ತದೆ. ದುಬಾರಿ ಕುಂಡ, ಪರಿಕರಗಳನ್ನು ಕೊಂಡಲ್ಲಿ ಮೊದಲ ವರ್ಷದ ಲೆಕ್ಕದಲ್ಲಿ ನಷ್ಟವೇ ಕಾಣುತ್ತದೆ. ಲಾಭವನ್ನು ಬೇರೆ ಕಡೆ ನೋಡಬೇಕು: ಮಕ್ಕಳ ತಟ್ಟೆಗೆ ಕೊಯ್ದ ಗಳಿಗೆಯಲ್ಲೇ ಬೀಳುವ ಸೊಪ್ಪು, ಅದರ ಮೇಲೆ ಏನು ಬಿದ್ದಿದೆ ಎಂಬ ಖಚಿತ ತಿಳಿವಳಿಕೆ, ಮನೆಯಿಂದ ಹೊರಹೋಗದ ಹಸಿ ಕಸ. ಅವರೆಯನ್ನು ಮಳೆಗಾಲದ ಆರಂಭದಲ್ಲಿ ಬಿತ್ತಿದವರಿಗೆ ಚಳಿಗಾಲದಲ್ಲಿ ಸೊಗಡಿನ ಕಾಯಿ ಸಿಗುವ ಸಂತೋಷಕ್ಕೆ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ.

ಮಾರಾಟ ಮತ್ತು ದೃಢೀಕರಣ

ಮನೆಯ ಬಳಕೆಗೆ ಬೆಳೆಯುವವರಿಗೆ ಯಾವುದೇ ದೃಢೀಕರಣದ ಅಗತ್ಯವಿಲ್ಲ. ಹೆಚ್ಚಾದುದನ್ನು ಸಾವಯವ ಎಂಬ ಹೆಸರಿನಲ್ಲಿ ಮಾರುವಾಗ 2017ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಸಾವಯವ ಆಹಾರ) ನಿಯಮಗಳು ಅನ್ವಯಿಸುತ್ತವೆ. ಸಣ್ಣ ಉತ್ಪಾದಕರು ಗ್ರಾಹಕರಿಗೆ ನೇರವಾಗಿ ಮಾರುವಲ್ಲಿ ದೃಢೀಕರಣದಿಂದ ವಿನಾಯಿತಿಯಿದೆ, ಆದರೆ ಜೈವಿಕ ಭಾರತ್ ಲಾಂಛನವನ್ನು ಬಳಸುವಂತಿಲ್ಲ. ರೈತರು ಪಿ.ಜಿ.ಎಸ್. ಪದ್ಧತಿಯಲ್ಲಿ ಕನಿಷ್ಠ ಐವರ ಸ್ಥಳೀಯ ಗುಂಪು ರಚಿಸಿಕೊಳ್ಳಬಹುದು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ಪರಿವರ್ತನಾ ಅವಧಿ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ. ಕಳೆದ ತಿಂಗಳು ಯೂರಿಯಾ ನಿಲ್ಲಿಸಿದ ಅಂಗಳದ ಬೆಳೆಯನ್ನು ಸಾವಯವವೆಂದು ಮಾರುವುದು ಕೊಳ್ಳುವವರ ನಂಬಿಕೆಗೆ ಮಾಡುವ ದ್ರೋಹ.

ಸಂಪರ್ಕ

ಸಸಿ ಹಾಗೂ ಕೈತೋಟದ ಮಾಹಿತಿಗೆ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು, ಮಣ್ಣು ಪರೀಕ್ಷೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ತಾಂತ್ರಿಕ ಸಲಹೆಗೆ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ರೈತರಿಗಾಗಿ ಇರುವ ಸಹಾಯಧನ ಯೋಜನೆಗಳ ಅರ್ಜಿಯಲ್ಲಿ ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ಕೇಳಲಾಗುತ್ತದೆ. ಯೋಜನೆಗಳು ಮತ್ತು ಸಹಾಯಧನದ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಪರಿಕರಗಳನ್ನು ಖರೀದಿಸಿದ ನಂತರವಲ್ಲ, ಖರೀದಿಗೆ ಮೊದಲೇ ಕಚೇರಿಯಲ್ಲಿ ವಿಚಾರಿಸತಕ್ಕದ್ದು.