ಶಾಲಿಮಾರ್: ಒಂದು ಸೆಂಟು, ಒಂದು ಬಳ್ಳಿ

ಪ್ಯಾರಿಸ್‌ನಲ್ಲಿ 1925ರಲ್ಲಿ ಅಲಂಕಾರ ಕಲೆಗಳ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. 'ಆರ್ಟ್ ಡೆಕೊ' ಶೈಲಿಗೆ ಆ ಹೆಸರು ಬಂದದ್ದು ಅದರಿಂದಲೇ. ಸುಗಂಧ ತಯಾರಿಕೆಯಲ್ಲಿ ಹೆಸರಾದ ಗೆರ್ಲಾಂ ಮನೆತನ ಅಲ್ಲಿ ಒಂದು ಸೆಂಟನ್ನು ಪ್ರದರ್ಶನಕ್ಕಿಟ್ಟಿತು. ಕಾರಂಜಿಯ ಬಟ್ಟಲನ್ನು ನೆನಪಿಸುವ ಸೀಸೆ, ಬೀಸಣಿಗೆಯಾಕಾರದ ನೀಲಿ ಬಿರಡೆ, ಹೆಸರು 'ಶಾಲಿಮಾರ್'. ತಯಾರಿಸಿದವನು ಜಾಕ್ ಗೆರ್ಲಾಂ. ನೂರು ವರ್ಷ ಕಳೆದರೂ ಅದು ಮಾರಾಟದಲ್ಲಿದೆ. ಹೂವು ಮತ್ತು ವೆನಿಲ್ಲಾ ಬೆರೆತ ಬೆಚ್ಚನೆಯ ಪರಿಮಳಗಳ ಪೈಕಿ ಇಷ್ಟು ಅನುಕರಣೆಗೆ ಒಳಗಾದದ್ದು ಬೇರೊಂದಿರಲಾರದು.

ಷಹಜಹಾನ್ ಮತ್ತು ಮುಮ್ತಾಜರು ಶಾಲಿಮಾರ್ ಉದ್ಯಾನದಲ್ಲಿ ವಿಹರಿಸುತ್ತಿದ್ದರು, ಆ ಪ್ರೇಮದ ನೆನಪೇ ಈ ಸುಗಂಧ ಎಂಬುದು ಸೀಸೆಯ ಜೊತೆಗೇ ಮಾರಾಟವಾಗುತ್ತ ಬಂದಿರುವ ಕಥೆ. ಇತಿಹಾಸ ಅಷ್ಟು ಸರಳವಾಗಿಲ್ಲ. ಶ್ರೀನಗರದ ಶಾಲಿಮಾರ್ 1619ರಲ್ಲಿ ಆರಂಭವಾದದ್ದು ಜಹಾಂಗೀರನಿಂದ. ಲಾಹೋರಿನದು ಷಹಜಹಾನನದೇ ಆದರೂ ಅದರ ಕೆಲಸ ಶುರುವಾದದ್ದು 1641ರಲ್ಲಿ. ಮುಮ್ತಾಜ್ 1631ರಲ್ಲೇ ಬುರ್ಹಾನ್‌ಪುರದಲ್ಲಿ ತೀರಿಕೊಂಡಿದ್ದಳು. ಇನ್ನು ಈ ಸೆಂಟಿನ ಜೀವಾಳವಾದ ವೆನಿಲ್ಲಾ ಮೊಗಲರ ತೋಟದ ಗಿಡವೇ ಅಲ್ಲ, ಮೆಕ್ಸಿಕೊದ ಕಾಡಿನ ಬಳ್ಳಿ.

ಮಣಿಕಟ್ಟಿಗೆ ಹಚ್ಚಿಕೊಂಡ ಕ್ಷಣದಲ್ಲಿ ವೆನಿಲ್ಲಾದ ಸುಳಿವು ಅಷ್ಟಾಗಿ ಸಿಗುವುದಿಲ್ಲ. ಮೊದಲು ಮೂಗಿಗೆ ಬರುವುದು ಬೆರ್ಗಮಾಟ್, ಅಂದರೆ ಇಟಲಿಯಲ್ಲಿ ಬೆಳೆಯುವ ನಿಂಬೆ ಜಾತಿಯ ಒಂದು ಹಣ್ಣಿನ ಸಿಪ್ಪೆಯ ಎಣ್ಣೆ. ನಿಂಬೆ ಸಿಪ್ಪೆಯನ್ನು ಹಿಂಡಿದಾಗ ಚಿಮ್ಮುವ ಚುರುಕು ಅದಕ್ಕಿದೆ, ಆದರೆ ಕೆಲವು ನಿಮಿಷಗಳಲ್ಲಿ ಅದು ಇಳಿಯತೊಡಗುತ್ತದೆ. ಅನಂತರ ಗುಲಾಬಿ, ಮಲ್ಲಿಗೆ, ಐರಿಸ್ ಬೇರಿನ ಪುಡಿಯಂಥ ವಾಸನೆ. ಒಂದೆರಡು ಗಂಟೆಗಳ ಬಳಿಕ ಹೂವೂ ಹಿಂದೆ ಸರಿದು, ಸಾಂಬ್ರಾಣಿಯಂತಹ ರಾಳಗಳ ನಡುವೆ ವೆನಿಲ್ಲಾ ನಿಲ್ಲುತ್ತದೆ. ಬಟ್ಟೆಗೆ ತಾಗಿದ್ದರೆ ಮರುದಿನವೂ ಅಲ್ಲೇ ಇರುತ್ತದೆ.

ಇದರಲ್ಲಿ ಮಾಯೆಯೇನಿಲ್ಲ. ಮೈಯ ಕಾವಿಗೆ ಬೇಗ ಆವಿಯಾಗುವ ಅಣುಗಳು ಮೊದಲು ಹೊರಡುತ್ತವೆ. ಸಿಪ್ಪೆಯೆಣ್ಣೆಯಲ್ಲಿರುವ ಲಿಮೊನೀನ್ ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ವೆನಿಲ್ಲಾದ ಮುಖ್ಯ ಘಟಕವಾದ ವೆನಿಲಿನ್ ಕುದಿಯಲು ಸುಮಾರು 285 ಡಿಗ್ರಿ ಬೇಕು. ಎಣ್ಣೆ ಜಿಡ್ಡಿನ ಚರ್ಮದಲ್ಲಿ ಪರಿಮಳ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ, ಒಣ ಚರ್ಮದಲ್ಲಿ ಬೇಗ ಹೋಗುತ್ತದೆ. ನಮ್ಮ ಅತ್ತರಿನವರಿಗೂ ಈ ಗುಟ್ಟು ಗೊತ್ತಿತ್ತು. ಹಾರಿಹೋಗುವ ಹೂವಿನ ವಾಸನೆಯನ್ನು ಅವರು ಶ್ರೀಗಂಧದೆಣ್ಣೆಯಲ್ಲಿ ಇಳಿಸಿ ಹಿಡಿದಿಟ್ಟರು. ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಸೆಂಟು ಕೊಳ್ಳುವವರು ಕೊಳ್ಳುವುದು ಬರೇ ಮೊದಲ ಹತ್ತು ನಿಮಿಷವನ್ನು!

ಕೊನೆಗೆ ಉಳಿಯುವ ಆ ವೆನಿಲ್ಲಾ ಬಂದದ್ದು ಎರಡು ದಾರಿಗಳಿಂದ. ಒಂದು ಪ್ರಯೋಗಾಲಯದ ದಾರಿ. ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ರಸಾಯನ ವಿಜ್ಞಾನಿಗಳು 1874ರಲ್ಲಿ ಪೈನ್ ಜಾತಿಯ ಮರಗಳ ರಸದಿಂದ ವೆನಿಲಿನ್ ತಯಾರಿಸಿ ತೋರಿಸಿದರು. ಗೆರ್ಲಾಂ ಮನೆತನದ್ದೇ ಆದ 'ಜಿಕಿ' ಎಂಬ ಸೆಂಟಿನಲ್ಲಿ 1889ರಲ್ಲಿ ಅದು ಬಳಕೆಯಾಯಿತು. ಮುಂದೆ ಬಂದ ಈಥೈಲ್ ವೆನಿಲಿನ್ ಇನ್ನೂ ಹಲವು ಪಟ್ಟು ತೀಕ್ಷ್ಣ. ಜಾಕ್ ಗೆರ್ಲಾಂ ಅದನ್ನು 'ಜಿಕಿ'ಯ ಸೀಸೆಗೆ ಸುರಿದು ನೋಡಿದಾಗ ಶಾಲಿಮಾರ್ ಹುಟ್ಟಿತಂತೆ. ಇಂಥ ಕಥೆಗಳನ್ನು ಪೂರ್ತಿ ನಂಬಬೇಕಿಲ್ಲ, ಈಥೈಲ್ ವೆನಿಲಿನ್ ಅದರಲ್ಲಿದೆ ಎಂಬುದಂತೂ ನಿಜ.

ಇನ್ನೊಂದು ದಾರಿ ಬಳ್ಳಿಯದು. ಸ್ಪೇನ್‌ನವರು ಹದಿನಾರನೆಯ ಶತಮಾನದಲ್ಲಿ ವೆನಿಲ್ಲಾವನ್ನು ಯೂರೋಪಿಗೆ ಒಯ್ದರು. ಬಳ್ಳಿಯನ್ನು ಬೇರೆ ದೇಶಗಳಲ್ಲಿ ನೆಟ್ಟರೆ ಹೂವು ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಹೂವಿನಲ್ಲಿ ಗಂಡು ಮತ್ತು ಹೆಣ್ಣು ಭಾಗಗಳ ನಡುವೆ ತೆಳುವಾದ ಪರದೆಯೊಂದಿದೆ. ಅದನ್ನು ದಾಟಿಸಬಲ್ಲ ಕೀಟ ಮೆಕ್ಸಿಕೊದ ಕಡೆ ಬಿಟ್ಟರೆ ಇರಲಿಲ್ಲ. ಬೆಲ್ಜಿಯಂನ ಸಸ್ಯ ವಿಜ್ಞಾನಿ ಚಾರ್ಲ್ಸ್ ಮೊರೆನ್ 1836ರಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿ ಕಾಯಿ ಕಟ್ಟಿಸಿದನಾದರೂ ಆ ವಿಧಾನ ತೋಟಗಳಿಗೆ ಬರಲಿಲ್ಲ.

ತೋಟಕ್ಕೆ ಒದಗುವ ವಿಧಾನ ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಒಬ್ಬ ಗುಲಾಮ ಹುಡುಗ, ಎಡ್ಮಂಡ್. ಅವನಿಗೆ ಆಗ 12 ವರ್ಷ, ವರ್ಷ 1841. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಅವನಿಗೆ ಒಡೆಯ ಫೆರೆಓಲ್ ಬೆಲಿಯೇ-ಬೊಮಾಂ ಗಿಡಗಳ ವಿಷಯ ಕಲಿಸಿದ್ದ. ಹುಡುಗ ತೆಳುವಾದ ಕಡ್ಡಿಯಿಂದ ಪರದೆಯನ್ನು ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿಬಿಟ್ಟ. ಕೆಲವೇ ಕ್ಷಣದ ಕೆಲಸ. ದ್ವೀಪದ ತೋಟಗಾರರು ಅವನನ್ನು ತಮ್ಮ ತೋಟಗಳಿಗೆ ಕರೆಸಿಕೊಂಡು ತಮ್ಮ ಆಳುಗಳಿಗೆ ಅದನ್ನು ಹೇಳಿಸಿಕೊಟ್ಟರು. ಮುಂದೆ ರಿಯೂನಿಯನ್ ವೆನಿಲ್ಲಾ ಮೆಕ್ಸಿಕೊದ್ದನ್ನು ಹಿಂದಿಕ್ಕಿತು, ಬಳ್ಳಿ ಮಡಗಾಸ್ಕರಿಗೂ ಹಬ್ಬಿತು.

ಇದು ಮಲೆನಾಡು, ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. 2000ದ ನಂತರದ ಕೆಲವು ವರ್ಷ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಇದ್ದಾಗ, ಬೆಳಿಗ್ಗೆ ಅರಳಿ ಅಂದೇ ಬಾಡುವ ಹೂವುಗಳನ್ನು ಒಂದೊಂದಾಗಿ ಹೀಗೆಯೇ ಒತ್ತಿದವರು ಅವರು. ಕಳ್ಳರ ಭಯಕ್ಕೆ ರಾತ್ರಿ ತೋಟ ಕಾದವರೂ ಇದ್ದರು. ಬೆಲೆ ಬಿದ್ದ ಮೇಲೆ ಹಲವರು ಬಳ್ಳಿ ಕಿತ್ತರು.

ಎಡ್ಮಂಡ್‌ಗೆ ಆ ಲಾಭದಲ್ಲಿ ಕಾಸೂ ಸಿಗಲಿಲ್ಲ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯ ಜೊತೆಗೆ 'ಆಲ್ಬಿಯುಸ್' ಎಂಬ ಅಡ್ಡಹೆಸರು ದೊರೆಯಿತು. ಕಳ್ಳತನದ ಪ್ರಕರಣದಲ್ಲಿ ಕೆಲವು ವರ್ಷ ಜೈಲಿನಲ್ಲೂ ಇದ್ದ. ಈ ನಡುವೆ ರಿಷಾರ್ ಎಂಬ ಫ್ರೆಂಚ್ ಸಸ್ಯ ವಿಜ್ಞಾನಿ ಆ ವಿಧಾನ ತಾನೇ ಕಲಿಸಿದ್ದೆಂದು ಹೇಳಿಕೊಂಡ. ಅದನ್ನು ಅಲ್ಲಗಳೆದು, ಕೀರ್ತಿ ಹುಡುಗನಿಗೇ ಸೇರಬೇಕೆಂದು ಪತ್ರ ಬರೆದವನು ಹಳೆಯ ಒಡೆಯ ಬೆಲಿಯೇ-ಬೊಮಾಂ. ಆಲ್ಬಿಯುಸ್ 1880ರಲ್ಲಿ, 'ಜಿಕಿ' ಬರುವುದಕ್ಕೆ ಒಂಬತ್ತು ವರ್ಷ ಮೊದಲು, ಅದೇ ದ್ವೀಪದಲ್ಲಿ ಬಡತನದಲ್ಲಿ ತೀರಿಕೊಂಡ.