ಕಲ್ಯಾಣಸೀಮೆಯಲ್ಲಿ ಪಾಠಶ್ರವಣವೂ ನಿರ್ಬಂಧವೂ

ಮನಸ್ಸೊಪ್ಪದ ಪಾಠವನ್ನು ನಿಯಮಕ್ಕೆ ಕಟ್ಟುಬಿದ್ದು ಕೇಳಬೇಕಾಗುವ ಕಷ್ಟವು ಈಚಿನ ವಿಶ್ವವಿದ್ಯಾಲಯಗಳಿಂದ ಹುಟ್ಟಿತೆಂದೂ, ಪೂರ್ವದ ಪಾಠಶಾಲೆಗಳಲ್ಲಿ ಶಿಷ್ಯರೆಲ್ಲರೂ ಸಂತೋಷದಿಂದಲೇ ಕುಳಿತಿದ್ದರೆಂದೂ ಹಲವರು ಭಾವಿಸುವುದುಂಟು. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಗಳ ಸೀಮೆಯ ವಿದ್ಯಾಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡಭಿಪ್ರಾಯಗಳೂ ನಿಲ್ಲಲಾರವು.

ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನಷ್ಟೆ. ದಾಯಭಾಗದ ವಿಚಾರಕ್ಕಾಗಿ ಪ್ರಸಿದ್ಧವಾದ ಈ ಗ್ರಂಥದ ಆಚಾರಾಧ್ಯಾಯದಲ್ಲಿ ವೇದಪಾಠವನ್ನು ತತ್ಕಾಲಕ್ಕೆ ನಿಲ್ಲಿಸತಕ್ಕ 37 ಅನಧ್ಯಾಯಗಳು ಗಣಿತವಾಗಿವೆ. ನಾಯಿ, ನರಿ, ಕತ್ತೆ, ಗೂಬೆಗಳ ಕೂಗು ಕೇಳಿದಾಗ, ಬಿರುಗಾಳಿ ಬೀಸಿದಾಗ, ಧೂಳು ಸುರಿದಾಗ, ಮಂಜು ಕವಿದಾಗ, ಶಿಷ್ಟನಾದ ಅತಿಥಿ ಮನೆಗೆ ಬಂದಾಗ ಪಾಠವು ನಿಲ್ಲಬೇಕು. ವಿರಾಮದ ಕಾರಣಗಳನ್ನು ಇಷ್ಟು ಸೂಕ್ಷ್ಮವಾಗಿ ಎಣಿಸಿಡಬೇಕಾಯಿತೆಂದಮೇಲೆ, ಉಳಿದ ವೇಳೆಯಲ್ಲಿ ಪಾಠಕ್ಕೆ ವಿನಾಯಿತಿಯಿರಲಿಲ್ಲವೆಂದು ಊಹಿಸಬಹುದು. ಪಾಠವೂ ಬಹುಮಟ್ಟಿಗೆ ಕಂಠಸ್ಥಮಾಡುವ ಆವೃತ್ತಿಯೇ ಆಗಿದ್ದಿತು. ಇನ್ನು ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವನ್ನು ನೋಡಿದರೆ, ಒಂದನೆಯ ಸೋಮೇಶ್ವರನ ಕಾಲದ 1058ರ ಶಾಸನದಲ್ಲಿ 200 ಮಂದಿ ವೇದವಿದ್ಯಾರ್ಥಿಗಳಿಗೆ ಮೂವರು ಉಪಾಧ್ಯಾಯರು ಹೇಳಲ್ಪಟ್ಟಿದ್ದಾರೆ. ಅಂದರೆ ಒಬ್ಬೊಬ್ಬರಿಗೆ ಸುಮಾರು 67 ಶಿಷ್ಯರಾದರು. ಇದು ಇಂದಿನ ಕಾಲೇಜಿನ ತರಗತಿಗಿಂತ ಚಿಕ್ಕದಲ್ಲ. ಆದಕಾರಣ ದಣಿವೂ ಬೇಸರವೂ ಅಲ್ಲಿರಲಿಲ್ಲವೆಂದು ಹೇಳುವುದು ಸಾಹಸವೇ ಸರಿ.

ಆದರೆ ಆ 37ರ ಪಟ್ಟಿಯಲ್ಲಿಯೇ ಶೂದ್ರನೂ ಅಂತ್ಯಜನೂ ಸಮೀಪದಲ್ಲಿದ್ದರೆ ಪಾಠವನ್ನು ನಿಲ್ಲಿಸಬೇಕೆಂಬ ವಿಧಿಯೂ ಸೇರಿದೆ. ಕತ್ತೆಯ ಕೂಗಿನ ಸಾಲಿನಲ್ಲಿ ಮನುಷ್ಯನ ಸಾನ್ನಿಧ್ಯವನ್ನು ಎಣಿಸಿದ ಈ ನಿಯಮವು ಮರೆಮಾಡತಕ್ಕ ವಿಷಯವಲ್ಲ. ಒಳಗಿದ್ದವನಿಗೆ ಕುಳಿತಿರುವ ನಿರ್ಬಂಧ, ಹೊರಗಿದ್ದವನಿಗೆ ಕೇಳದಿರುವ ನಿರ್ಬಂಧ. ಇವೆರಡರಲ್ಲಿ ಎರಡನೆಯದೇ ಕಠಿನವಾದುದು.

ಅದೇ ಪಟ್ಟಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಈ ಕಟ್ಟನ್ನು ಮುರಿದರು. ಅವರ ಅನುಭವಗೋಷ್ಠಿಯ ಸ್ವರೂಪವನ್ನು ತಿಳಿಯಲು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯು ಮುಖ್ಯ ಆಧಾರ. ಅದು ಬಹುಕಾಲಾನಂತರದ ಸಾಹಿತ್ಯಸಾಕ್ಷಿಯಾದುದರಿಂದ ಪ್ರತಿಯೊಂದು ಮಾತನ್ನೂ ನಡೆದ ಸಂಗತಿಯೆಂದು ಗ್ರಹಿಸಲಾಗದು. ಆದರೂ ಗ್ರಂಥವು ಆದ್ಯಂತವಾಗಿ ಪ್ರಶ್ನೋತ್ತರರೂಪದಲ್ಲಿರುವುದು ಗಮನಾರ್ಹ. ಅಲ್ಲಮನು ಅಕ್ಕಮಹಾದೇವಿಯನ್ನು ಪ್ರಶ್ನಿಸುವನು. ಅವಳು ಹಿಂಜರಿಯದೆ ಉತ್ತರಿಸುವಳು. ಕೇಳುಗನಿಗೂ ಮಾತುಂಟೆಂಬುದೇ ಆ ಪರಂಪರೆಯು ಉಳಿಸಿಕೊಂಡ ನೆನಪು.

ಹುಮನಾಬಾದದ ಬಳಿಯ ಮಾಣಿಕನಗರದ ಶ್ರೀ ಮಾಣಿಕಪ್ರಭುಗಳು (1817–1865) ಬಾಲ್ಯದಲ್ಲಿ ಪಾಠಶಾಲೆಗೆ ಒಗ್ಗಲಿಲ್ಲವೆಂದು ಸಂಪ್ರದಾಯವು ಹೇಳುತ್ತದೆ. ಅವರೇ ಮುಂದೆ ಮರಾಠಿ, ಕನ್ನಡ, ಉರ್ದು ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಅವನ್ನು ಕೇಳಲು ಯಾರ ಹಾಜರಿಯನ್ನೂ ಕೂಗಬೇಕಾಗಲಿಲ್ಲ. ಆದುದರಿಂದ ಈ ಸೀಮೆಯ ಜನರಿಗೆ ಉರ್ದುಭಾಷೆಯು ಸ್ವತಃ ಅಪ್ರಿಯವಾಗಿರಲಿಲ್ಲವೆಂದು ತಿಳಿಯಬೇಕು.

1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟ ಕೀರ್ತಿ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಅದರ ಭಾಷಾಂತರಶಾಲೆಯು ಕಟ್ಟಿದ ಪರಿಭಾಷೆಯು ಬಹುಮಟ್ಟಿಗೆ ಅರಬ್ಬೀ ಫಾರಸೀ ಧಾತುಗಳಿಂದಾದುದು. ಸಸ್ಯಶಾಸ್ತ್ರವು ನಬಾತಿಯಾತ್, ಅರ್ಥಶಾಸ್ತ್ರವು ಮಆಶಿಯಾತ್. ಸಂತೆಯ ಉರ್ದುವನ್ನು ಬಲ್ಲ ಹುಮನಾಬಾದದ ಕನ್ನಡ ಹುಡುಗನಿಗೂ ಇದು ಹೊಸ ಭಾಷೆಯೇ. ಮುಸಲ್ಮಾನ ವಿದ್ಯಾರ್ಥಿಗಳಿಗೆ ಧರ್ಮಶಾಸ್ತ್ರವೂ ಇತರರಿಗೆ ನೀತಿಶಾಸ್ತ್ರವೂ ಕಡ್ಡಾಯವಾಗಿದ್ದುವು. ನೀತಿಯನ್ನು ಗಂಟೆಯ ಲೆಕ್ಕದಲ್ಲಿ ಕೇಳಿದವರೇ 1938ರಲ್ಲಿ ವಂದೇ ಮಾತರಂ ಹಾಡುವ ಹಕ್ಕಿಗಾಗಿ ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಅನೇಕರಿಗೆ ನಾಗಪುರದ ವಿಶ್ವವಿದ್ಯಾಲಯವು ಆಶ್ರಯವಿತ್ತಿತು. ಮೌನವಾಗಿ ಕುಳಿತವರೆಲ್ಲರೂ ಒಪ್ಪಿದವರಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಡ.

ಸಂಸ್ಥಾನವು 1948ರಲ್ಲಿ ವಿಲೀನವಾಯಿತು. 1956ರಲ್ಲಿ ಬೀದರವು ಕನ್ನಡನಾಡಿಗೆ ಸೇರಿತು. 1980ರಲ್ಲಿ ಗುಲಬರ್ಗಾ, 2023ರಲ್ಲಿ ಬೀದರ ವಿಶ್ವವಿದ್ಯಾಲಯಗಳು ಸ್ಥಾಪಿತವಾದುವು. ಜಾತಿಯ ನೆಪದಿಂದ ಪಾಠವನ್ನು ನಿಲ್ಲಿಸುವ ವಿಧಿಯು ಅಳಿದು ಬಾಗಿಲು ಎಲ್ಲರಿಗೂ ತೆರೆದಿದೆ. 1991ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನನುಸರಿಸಿ ಪರಿಸರಾಧ್ಯಯನವು ಪದವಿ ತರಗತಿಗಳಲ್ಲಿ ಕಡ್ಡಾಯವಾಯಿತು. ಶೇಕಡಾ 75ರ ಹಾಜರಿಯ ನಿಯಮವೂ ರೂಢವಾಗಿದೆ.

ನಿರ್ಬಂಧವೊಂದೇ ಬೇಸರಕ್ಕೆ ಕಾರಣವೆನ್ನಲು ಈ ಚರಿತ್ರೆಯು ಎಡೆಗೊಡುವುದಿಲ್ಲ. ಹೊರಗೆ ನಿಲ್ಲಿಸಲ್ಪಟ್ಟವರ ಮೊಮ್ಮಕ್ಕಳು ಇಂದು ಒಳಗೆ ಕುಳಿತಿರುವುದು ಅಲ್ಪವಾದ ಲಾಭವಲ್ಲ. ಅವರು ಪ್ರಶ್ನಿಸುವುದಕ್ಕೂ ಅಲ್ಲಿ ಅವಕಾಶವಿದ್ದರೆ ಮಾತ್ರ ಕಲ್ಯಾಣದ ಎರಡನೆಯ ಪರಂಪರೆಯು ಮುಂದುವರಿಯಿತೆಂದು ಹೇಳಬಹುದು; ಹಾಜರಿಯ ಪುಸ್ತಕದಿಂದ ಅದನ್ನು ನಿರ್ಣಯಿಸಲಾಗದು.