ಆನ್‌ಲೈನ್‌ನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಖರೀದಿ: ಹಣ ಉಳಿಸುವುದು ಎಲ್ಲಿ, ಉಳಿಸಬಾರದ್ದು ಎಲ್ಲಿ?

ಪುಣೆ: ಹಿಂಜವಡಿ, ಖರಾಡಿಯ ಐಟಿ ಕಂಪನಿಗಳ ಉದ್ಯೋಗಿಗಳಿಂದ ಹಿಡಿದು ಕಾಲೇಜು ವಿದ್ಯಾರ್ಥಿಗಳವರೆಗೆ ಪುಣೆಯಲ್ಲಿ ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರು ಸಾಕಷ್ಟಿದ್ದಾರೆ. ಹೆಲ್ಮೆಟ್ ಧರಿಸಿ ಬೈಕ್, ಸ್ಕೂಟರ್ ಓಡಿಸುವವರಿಗಂತೂ ಲೆನ್ಸ್ ಅನುಕೂಲ. ಮೊದಲೆಲ್ಲ ಲಕ್ಷ್ಮಿ ರಸ್ತೆಯ ಕನ್ನಡಕದ ಅಂಗಡಿಗೆ ಹೋಗಿ ತರುತ್ತಿದ್ದ ಡಬ್ಬಿ ಈಗ ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಜೊತೆಗೆ ಕೂಪನ್, ಕ್ಯಾಶ್‌ಬ್ಯಾಕ್, 'ಒಂದು ಕೊಂಡರೆ ಒಂದು ಉಚಿತ' ಎಂಬ ಆಫರ್‌ಗಳ ಸುರಿಮಳೆ.

ಆದರೆ ವರ್ಷದ ಕೊನೆಗೆ ಕೂತು ಲೆಕ್ಕ ಹಾಕಿದರೆ ರಿಯಾಯಿತಿಯಿಂದ ಉಳಿಯುವ ಹಣ ಅಷ್ಟಕ್ಕಷ್ಟೆ. ನಿಜವಾದ ಉಳಿತಾಯ ಇರುವುದು ಸರಿಯಾದ ಚೀಟಿಯಲ್ಲಿ ಮತ್ತು ಬಳಕೆಗೆ ತಕ್ಕ ಲೆನ್ಸ್ ಆರಿಸಿಕೊಳ್ಳುವುದರಲ್ಲಿ. ಖರೀದಿಗೆ ಮುನ್ನ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಮೊದಲು ಲೆನ್ಸ್ ಚೀಟಿ, ಆಮೇಲೆ ಆರ್ಡರ್

ಕನ್ನಡಕದ ಚೀಟಿಯಲ್ಲಿರುವ ಪವರ್ ನೋಡಿಯೇ ಲೆನ್ಸ್ ಆರ್ಡರ್ ಮಾಡುವುದು ಅನೇಕರು ಮಾಡುವ ತಪ್ಪು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಹಾಗಾಗಿ ಪವರ್ 4ಕ್ಕಿಂತ ಹೆಚ್ಚಿದ್ದರೆ ಎರಡೂ ಒಂದೇ ಆಗಿರುವುದಿಲ್ಲ. ಕನ್ನಡಕದಲ್ಲಿ ಮೈನಸ್ 5 ಇರುವವರಿಗೆ ಲೆನ್ಸ್‌ನಲ್ಲಿ ಮೈನಸ್ 4.75 ಸಾಕಾಗಬಹುದು. ಮೈನಸ್ 8 ಇದ್ದವರಿಗೆ ಅದು 7.25ರ ಆಸುಪಾಸಿಗೆ ಇಳಿಯುತ್ತದೆ.

ಲೆನ್ಸ್ ಚೀಟಿಯಲ್ಲಿ ಪವರ್ ಜೊತೆಗೆ ಬೇಸ್ ಕರ್ವ್, ಅಂದರೆ ಲೆನ್ಸ್‌ನ ಬಾಗು, ಅದರ ವ್ಯಾಸ ಮತ್ತು ಬ್ರ್ಯಾಂಡ್ ಹೆಸರು ಇರಬೇಕು. ಸಿಲಿಂಡರ್ ಪವರ್ ಇದ್ದವರಿಗೆ ಬೇಕಾಗುವ ಟೋರಿಕ್ ಲೆನ್ಸ್ ಸಾಮಾನ್ಯ ಲೆನ್ಸ್‌ಗಿಂತ ದುಬಾರಿ. ಆದರೆ ಸಿಲಿಂಡರ್ 0.50ರಷ್ಟು ಕಡಿಮೆ ಇದ್ದರೆ ಹಲವರಿಗೆ ಸಾಮಾನ್ಯ ಲೆನ್ಸ್‌ನಲ್ಲೇ ಹೊಂದಿಸಿ ಕೊಡಲು ಸಾಧ್ಯ. ಇದನ್ನು ವೈದ್ಯರ ಬಳಿ ಅಥವಾ ಆಪ್ಟೋಮೆಟ್ರಿಸ್ಟ್ ಬಳಿ ಕೇಳಿ ನೋಡಿ. ತಪಾಸಣೆ ವೇಳೆ ಟ್ರಯಲ್ ಲೆನ್ಸ್ ಹಾಕಿಸಿಕೊಂಡು ನೋಡಿದ ಮೇಲಷ್ಟೇ ಡಬ್ಬಿ ಕೊಳ್ಳುವುದು ಒಳಿತು. ಸೀಲ್ ಒಡೆದ ಲೆನ್ಸ್ ಅನ್ನು ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಯಾರೂ ವಾಪಸ್ ಪಡೆಯುವುದಿಲ್ಲ.

ಪುಣೆಯಲ್ಲಿ ಕಣ್ಣಿನ ತಪಾಸಣೆಗೆ ಸಸೂನ್ ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗ, ಹಡಪ್ಸರ್ ಸಮೀಪದ ಎಚ್.ವಿ. ದೇಸಾಯಿ ಕಣ್ಣಿನ ಆಸ್ಪತ್ರೆಯಂತಹ ಸ್ಥಳಗಳಿವೆ. ವರ್ಷಕ್ಕೊಮ್ಮೆ ತಪಾಸಣೆಗೆ ಕೊಡುವ ಹಣ, ತಪ್ಪು ಪವರ್‌ನ ಡಬ್ಬಿಗಳಿಗೆ ಸುರಿಯುವ ಹಣಕ್ಕಿಂತ ಕಡಿಮೆಯೇ.

ವಾರಕ್ಕೆ ಎಷ್ಟು ದಿನ ಧರಿಸುತ್ತೀರಿ?

ಒಂದು ದಿನ ಬಳಸಿ ಎಸೆಯುವ ಡೈಲಿ ಲೆನ್ಸ್, ಎರಡು ವಾರದ ಲೆನ್ಸ್, ತಿಂಗಳ ಲೆನ್ಸ್ ಹೀಗೆ ಮಾರುಕಟ್ಟೆಯಲ್ಲಿ ಹಲವು ಬಗೆಗಳಿವೆ. ತಿಂಗಳ ಲೆನ್ಸ್ ಅಂದರೆ ಮೂವತ್ತು ಬಾರಿ ಬಳಸುವ ಲೆನ್ಸ್ ಎಂದಲ್ಲ. ಪ್ಯಾಕ್ ತೆರೆದ ದಿನದಿಂದ ಅದರ ಆಯುಷ್ಯ ಒಂದು ತಿಂಗಳು, ನಡುವೆ ನಾಲ್ಕೇ ದಿನ ಹಾಕಿದ್ದರೂ ಅಷ್ಟೇ.

ಒಂದು ಉದಾಹರಣೆ ನೋಡೋಣ. 6 ಲೆನ್ಸ್‌ಗಳ ತಿಂಗಳ ಡಬ್ಬಿಗೆ 1,500 ರೂಪಾಯಿ, 30 ಲೆನ್ಸ್‌ಗಳ ಡೈಲಿ ಡಬ್ಬಿಗೆ 1,200 ರೂಪಾಯಿ, ವರ್ಷದ ಸಲ್ಯೂಷನ್‌ಗೆ 2,400 ರೂಪಾಯಿ ಎಂದುಕೊಳ್ಳಿ. ಎರಡೂ ಕಣ್ಣಿಗೆ ತಿಂಗಳ ಲೆನ್ಸ್ ಆದರೆ ವರ್ಷಕ್ಕೆ 4 ಡಬ್ಬಿ, ಸಲ್ಯೂಷನ್ ಸೇರಿ 8,400 ರೂಪಾಯಿ ಖರ್ಚು. ಪ್ರತಿದಿನ ಧರಿಸುವವರು ಡೈಲಿ ಲೆನ್ಸ್ ಕೊಂಡರೆ 25 ಡಬ್ಬಿ ಬೇಕು, ಖರ್ಚು 30,000 ರೂಪಾಯಿ.

ವಾರಕ್ಕೆ ಎರಡೇ ದಿನ ಧರಿಸುವವರ ಲೆಕ್ಕ ಬೇರೆ. ಅವರಿಗೆ ವರ್ಷಕ್ಕೆ 208 ಡೈಲಿ ಲೆನ್ಸ್, ಅಂದರೆ 7 ಡಬ್ಬಿ ಸಾಕು. ಖರ್ಚು 8,400 ರೂಪಾಯಿ, ತಿಂಗಳ ಲೆನ್ಸ್‌ನಷ್ಟೇ. ವಾರಕ್ಕೆ ಒಂದು ದಿನ ಮಾತ್ರ ಆದರೆ 4 ಡಬ್ಬಿಗೆ 4,800 ರೂಪಾಯಿ, ಸಲ್ಯೂಷನ್ ಗೊಡವೆಯೂ ಇಲ್ಲ. ಈ ಬೆಲೆಗಳ ಜಾಗದಲ್ಲಿ ನಿಮ್ಮ ಬ್ರ್ಯಾಂಡ್‌ನ ಬೆಲೆ ಹಾಕಿ ನೋಡಿದರೆ ಯಾವುದು ಅಗ್ಗ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ವಾರದಲ್ಲಿ ಒಂದೆರಡು ದಿನ ಮಾತ್ರ ಕಚೇರಿಗೆ ಹೋಗಿ, ಉಳಿದ ದಿನ ಮನೆಯಲ್ಲಿ ಕನ್ನಡಕ ಹಾಕಿಕೊಂಡೇ ಕೆಲಸ ಮಾಡುವವರು ಈ ಲೆಕ್ಕವನ್ನು ತಪ್ಪದೇ ಹಾಕಬೇಕು.

ಬೆಲೆ ಹೋಲಿಸುವುದು ಹೀಗೆ

ಒಂದು ತಾಣದಲ್ಲಿ 3 ಲೆನ್ಸ್‌ಗಳ ಡಬ್ಬಿ, ಇನ್ನೊಂದರಲ್ಲಿ 6 ಲೆನ್ಸ್‌ಗಳ ಡಬ್ಬಿ ಇರುತ್ತದೆ. ಆದ್ದರಿಂದ ಡಬ್ಬಿಯ ಬೆಲೆ ಬಿಟ್ಟು ಒಂದು ಲೆನ್ಸ್‌ಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಡೆಲಿವರಿ ಶುಲ್ಕ, ಸದಸ್ಯತ್ವ ಶುಲ್ಕ ಎಲ್ಲವನ್ನೂ ಸೇರಿಸಿ ಕೊನೆಯಲ್ಲಿ ಪಾವತಿಸುವ ಮೊತ್ತವನ್ನೇ ಹೋಲಿಸಬೇಕು. ಅದೇ ಬೆಲೆಯನ್ನು ನಿಮ್ಮ ಬಡಾವಣೆಯ ಅಂಗಡಿಯಲ್ಲೂ ಕೇಳಿ. ಕೆಲವು ಅಂಗಡಿಯವರು ಆನ್‌ಲೈನ್ ದರಕ್ಕೆ ಹೊಂದಿಸಿ ಕೊಡುತ್ತಾರೆ.

'ಇನ್ನು ಎರಡೇ ಡಬ್ಬಿ ಉಳಿದಿವೆ' ಎಂಬ ಸುಳ್ಳು ಅವಸರ ಹುಟ್ಟಿಸುವುದು, ಕೇಳದೆಯೇ ಕಾರ್ಟ್‌ಗೆ ಬೇರೆ ವಸ್ತು ಸೇರಿಸುವುದು ಮುಂತಾದ 13 ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಹಣ ಪಾವತಿಸುವ ಮುನ್ನ ಕಾರ್ಟ್ ಒಮ್ಮೆ ನೋಡಿಕೊಳ್ಳಿ.

ಆಫರ್ ಇದೆ ಎಂದು ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳುವುದೂ ಎಲ್ಲರಿಗೂ ಲಾಭವಲ್ಲ. ಪವರ್ ಇನ್ನೂ ಬದಲಾಗುತ್ತಿರುವ ಹದಿಹರೆಯದವರು, ಕಾಲೇಜು ವಿದ್ಯಾರ್ಥಿಗಳು ಮೂರರಿಂದ ಆರು ತಿಂಗಳಿಗೆ ಬೇಕಾದಷ್ಟನ್ನೇ ತರಿಸಿಕೊಂಡರೆ ಸಾಕು.

ಜಿಎಸ್‌ಟಿ ಇಳಿಕೆಯ ಲಾಭ

2025ರ ಸೆಪ್ಟೆಂಬರ್ 22ರಿಂದ ಕಾಂಟ್ಯಾಕ್ಟ್ ಲೆನ್ಸ್ ಮೇಲಿನ ಜಿಎಸ್‌ಟಿ ಶೇ.12ರಿಂದ ಶೇ.5ಕ್ಕೆ ಇಳಿದಿದೆ. ತೆರಿಗೆ ಸೇರಿ 1,120 ರೂಪಾಯಿ ಇದ್ದ ಡಬ್ಬಿ ಈಗ 1,050 ರೂಪಾಯಿಗೆ ಸಿಗಬೇಕು. ಹಳೆಯ ಎಂಆರ್‌ಪಿಯನ್ನೇ ತೋರಿಸಿ ಅದರ ಮೇಲೆ ರಿಯಾಯಿತಿ ಎಂದು ಹೇಳುತ್ತಿದ್ದರೆ, ತೆರಿಗೆ ಇಳಿಕೆಯನ್ನೇ ಆಫರ್ ಎಂದು ಕೊಡುತ್ತಿಲ್ಲವೇ ಎಂಬುದನ್ನು ಬಿಲ್‌ನಲ್ಲಿ ಪರಿಶೀಲಿಸಿ.

ಡಬ್ಬಿ ಬಂದಾಗ ಏನೇನು ನೋಡಬೇಕು?

ಭಾರತದಲ್ಲಿ ಕಾಂಟ್ಯಾಕ್ಟ್ ಲೆನ್ಸ್ 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಡಬ್ಬಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮತ್ತು ಪರವಾನಗಿ ಸಂಖ್ಯೆ ಇರಬೇಕು. ವಿದೇಶದಿಂದ ಬಂದದ್ದಾದರೆ ಆಮದುದಾರರ ಹೆಸರು, ವಿಳಾಸ ಮತ್ತು ಆಮದು ಪರವಾನಗಿ ಸಂಖ್ಯೆಯೂ ಇರಬೇಕು. ಇವಿಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಡಬ್ಬಿ ತೆರೆಯುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಎಡ ಮತ್ತು ಬಲ ಕಣ್ಣಿನ ಪವರ್, ಬೇಸ್ ಕರ್ವ್ ಚೀಟಿಗೆ ತಾಳೆಯಾಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಒಳಗಿನ ಸೀಲ್ ತೆರೆಯಿರಿ.

ಸಮಸ್ಯೆಯಾದರೆ ದೂರು ಎಲ್ಲಿ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರು ಸ್ವೀಕೃತಿ ನೀಡಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ದೋಷವಿರುವ ಅಥವಾ ತಾಣದಲ್ಲಿ ತೋರಿಸಿದ್ದಕ್ಕಿಂತ ಬೇರೆಯಾದ ವಸ್ತು ಕಳುಹಿಸಿದ್ದರೆ ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಇಷ್ಟಕ್ಕೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಲ್ಲಿ ಕನ್ನಡದಲ್ಲೂ ದೂರು ಹೇಳಿಕೊಳ್ಳಲು ಅವಕಾಶವಿರುವುದು ಪುಣೆಯ ಕನ್ನಡಿಗರಿಗೆ ಅನುಕೂಲ. ಕಂಪನಿ ದೆಹಲಿಯಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಪುಣೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ.

ಇಲ್ಲಿ ಮಾತ್ರ ಉಳಿತಾಯ ಬೇಡ

ತಿಂಗಳ ಲೆನ್ಸ್ ಅನ್ನು ಎರಡು ತಿಂಗಳು ಎಳೆಯುವುದು, ಡೈಲಿ ಲೆನ್ಸ್ ಅನ್ನು ತೊಳೆದು ಮರುದಿನ ಹಾಕಿಕೊಳ್ಳುವುದು, ಹಳೆಯ ಸಲ್ಯೂಷನ್‌ಗೆ ಹೊಸದನ್ನು ಬೆರೆಸುವುದು ಇವೆಲ್ಲ ದುಬಾರಿಯಾಗುವ ಉಳಿತಾಯ. ಸಲೈನ್ ನೀರು ಸಲ್ಯೂಷನ್‌ಗೆ ಬದಲಿಯಲ್ಲ, ಅದು ರೋಗಾಣುಗಳನ್ನು ಕೊಲ್ಲುವುದಿಲ್ಲ. ನಲ್ಲಿ ನೀರಂತೂ ಬೇಡವೇ ಬೇಡ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸ್ ಮೂಲಕ ಕಾರ್ನಿಯಾಕ್ಕೆ ಸೇರಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದೃಷ್ಟಿಯೇ ಹೋಗುವ ಅಪಾಯವೂ ಇದೆ. ಲೆನ್ಸ್ ಇಡುವ ಪುಟ್ಟ ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು.

ಮದುವೆ, ಫೋಟೋಶೂಟ್‌ಗೆಂದು ಕೊಳ್ಳುವ ಬಣ್ಣದ ಲೆನ್ಸ್‌ಗೂ ಇದೇ ನಿಯಮ. ಪವರ್ ಇಲ್ಲದಿದ್ದರೂ ಅದು ಕಣ್ಣಿನ ಅಳತೆಗೆ ಹೊಂದಬೇಕು. ಗೆಳತಿಯರು, ಅಕ್ಕತಂಗಿಯರು ಒಂದೇ ಜೋಡಿಯನ್ನು ಹಂಚಿಕೊಳ್ಳಬಾರದು.

ಲೆನ್ಸ್ ಹಾಕಿದ ಮೇಲೆ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಅಥವಾ ದೃಷ್ಟಿ ಮಂಜಾದರೆ ತಕ್ಷಣ ಲೆನ್ಸ್ ತೆಗೆಯಿರಿ. ಮೆಡಿಕಲ್ ಶಾಪ್‌ನಿಂದ ಹನಿ ತಂದು ಹಾಕಿಕೊಂಡು ಕಾಯದೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಹೋಗುವಾಗ ಆ ಲೆನ್ಸ್ ಮತ್ತು ಅದರ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಸೋಂಕು ಯಾವುದೆಂದು ಪತ್ತೆ ಹಚ್ಚಲು ವೈದ್ಯರಿಗೆ ನೆರವಾಗುತ್ತದೆ.